ಸರ್ವರ್ ಇರಲಿ ಸ್ವಾಮಿ, ಮೊದಲು ಮೆನು ಸರಿಮಾಡಿ

ಮಾನ್ಯ ಸಂಪಾದಕರೇ,

ಸರ್ಕಾರಿ ವೆಬ್‌ಸೈಟ್ ಅಂದ ಕೂಡಲೇ ಜನ ‘ಸರ್ವರ್ ಬ್ಯುಸಿ’ ಅಂತ ನಗುತ್ತಾರೆ. ವಾಚಕರ ವಾಣಿಯಲ್ಲೂ ಸರ್ವರ್ ಬಗ್ಗೆ ಪತ್ರಗಳು ಬರುತ್ತಲೇ ಇರುತ್ತವೆ. ನನ್ನ ದೂರು ಸರ್ವರ್ ಮೇಲಲ್ಲ. ಅದು ಇವತ್ತಲ್ಲ ನಾಳೆ ಸರಿಹೋಗುತ್ತದೆ. ಸರ್ವರ್ ಚೆನ್ನಾಗಿ ಓಡುತ್ತಿರುವ ದಿನವೂ ಜನ ನನ್ನ ಅಂಗಡಿಗೆ ಬಂದು ‘ಅಕ್ಕಾ, ಇದು ಎಲ್ಲೈತೆ ಒಸಿ ಹುಡುಕ್ಕೊಡಿ’ ಅಂತಾರಲ್ಲ, ನನ್ನ ದೂರು ಆ ‘ಎಲ್ಲೈತೆ’ ಬಗ್ಗೆ. ಅಂದರೆ ಸೈಟಿನಲ್ಲಿ ಯಾವುದು ಎಲ್ಲಿದೆ ಅಂತ ತೋರಿಸುವ ಪಟ್ಟಿ, ಮೆನು ಬಗ್ಗೆ.

ನಾನು ಅರಸೀಕೆರೆಯಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನ್, ಗೋಡೆಗೆ ಒರಗಿಸಿದ ಬೆಂಚು. ಓದಿದ್ದು ಗ್ರಂಥಾಲಯ ವಿಜ್ಞಾನ. ಲೈಬ್ರರಿಯನ್ ಕೆಲಸಕ್ಕೆ ಅರ್ಜಿ ಕರೆದಾಗಲೆಲ್ಲ ಹಾಕಿದೆ, ಆಗಲಿಲ್ಲ. ಈಗ ಬೇರೆಯವರ ಅರ್ಜಿ ಹಾಕಿಕೊಡುತ್ತೇನೆ. ಕಣಕಟ್ಟೆ, ಜಾವಗಲ್, ಗಂಡಸಿ, ಬಾಣಾವರ ಕಡೆಯಿಂದ ಜನ ಬರುತ್ತಾರೆ. ಪಹಣಿ, ಜಾತಿ-ಆದಾಯ, ಸ್ಕಾಲರ್‌ಶಿಪ್, ಪಿಂಚಣಿ, ಬೆಳೆ ವಿಮೆ, ಕೊಬ್ಬರಿ ಖರೀದಿಗೆ ಬೇಕಾಗುವ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ, ಹೀಗೆ. ಇವರಲ್ಲಿ ಅರ್ಧಕ್ಕರ್ಧ ಜನರ ಕೈಯಲ್ಲಿ ಒಳ್ಳೇ ಫೋನ್ ಇದೆ, ಡೇಟಾ ಇದೆ. ವಾಟ್ಸ್ಯಾಪ್, ಫೋನ್‌ಪೇ ಎಲ್ಲ ನೀರು ಕುಡಿದಷ್ಟು ಸಲೀಸು. ಆದರೂ ಸರ್ಕಾರಿ ಸೈಟಿನಲ್ಲಿ ತಮಗೆ ಬೇಕಾದ ಪುಟ ಸಿಗದೆ ನನ್ನ ಹತ್ತಿರ ಬರುತ್ತಾರೆ. ಮೆನು ಸರಿಹೋದರೆ ನನ್ನ ವ್ಯಾಪಾರಕ್ಕೇ ಕುತ್ತು, ಗೊತ್ತು. ಆದರೂ ಬರೆಯುತ್ತಿದ್ದೇನೆ.

ಯಾವುದಾದರೂ ಒಂದು ಇಲಾಖೆಯ ಸೈಟ್ ತೆರೆದು ನೋಡಿ. ಹೆಸರು ಬೇಡ, ಮುಕ್ಕಾಲು ಪಾಲು ಹೀಗೇ ಇರುತ್ತವೆ. ಮೇಲೆ ಲಾಂಛನ, ಪಕ್ಕದಲ್ಲಿ ಫೋಟೋಗಳು, ಅದರ ಕೆಳಗೆ ಮೆನು ಪಟ್ಟಿ. ಮುಖಪುಟ, ನಮ್ಮ ಬಗ್ಗೆ, ಇಲಾಖೆಯ ರಚನೆ, ಕಾಯ್ದೆ ಮತ್ತು ನಿಯಮಗಳು, ಸುತ್ತೋಲೆಗಳು, ಟೆಂಡರ್‌ಗಳು, ಮಾಹಿತಿ ಹಕ್ಕು, ಫೋಟೋ ಗ್ಯಾಲರಿ. ಅದಾದ ಮೇಲೆ ಸೇವೆಗಳು. ಪಕ್ಕದಲ್ಲೇ ಆನ್‌ಲೈನ್ ಸೇವೆಗಳು. ಎಡಗಡೆ ಕಂಬದಲ್ಲಿ ನಾಗರಿಕ ಸೇವೆಗಳು. ಬಲಗಡೆ ಮಿನುಗುತ್ತಿರುವ ‘ಹೊಸತು’ ಚೀಟಿಯ ಜೊತೆಗೆ ಇ-ಸೇವೆಗಳು. ಈ ನಾಲ್ಕರಲ್ಲಿ ನನಗೆ ಬೇಕಾದ್ದು ಯಾವುದರೊಳಗಿದೆ? ದಿನಾ ಇದೇ ಕೆಲಸ ಮಾಡುವ ನಾನೇ ಹೊಸ ಸೈಟ್ ಆದರೆ ಒಂದೊಂದನ್ನೂ ಒತ್ತಿ ನೋಡಬೇಕು. ಒಂದರಲ್ಲಿ ಸೇವೆಗಳ ಹೆಸರು ಮಾತ್ರ ಇರುತ್ತದೆ, ಲಿಂಕ್ ಇರುವುದಿಲ್ಲ. ಇನ್ನೊಂದರಲ್ಲಿ ಪಿಡಿಎಫ್ ಫಾರಂ, ಪ್ರಿಂಟ್ ತೆಗೆದು ಕಚೇರಿಗೆ ಕೊಡಬೇಕು. ಮೂರನೆಯದು ಬೇರೆ ಸೈಟಿಗೇ ಕರೆದುಕೊಂಡು ಹೋಗುತ್ತದೆ. ನಿಜವಾಗಿ ಅರ್ಜಿ ಹಾಕುವ ಜಾಗ ನಾಲ್ಕನೆಯದು.

ಕಾಯ್ದೆ, ರಚನೆ, ಅಧಿಕಾರಿಗಳ ಪಟ್ಟಿ ಇವೆಲ್ಲ ಯಾಕೆ ಅಂತ ನಾನು ಕೇಳುತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅದನ್ನೆಲ್ಲ ಯಾರೂ ಕೇಳದಿದ್ದರೂ ಇಲಾಖೆಯೇ ಪ್ರಕಟಿಸಬೇಕು. ಇರಲಿ, ಇರಲೇಬೇಕು. ಆದರೆ ಪ್ರಕಟಿಸಿ ಅಂತ ಕಾಯ್ದೆ ಹೇಳಿದೆಯೇ ಹೊರತು ಮೆನುವಿನ ಮೊದಲ ಸಾಲಿನಲ್ಲೇ ಇಡಿ ಅಂತ ಹೇಳಿಲ್ಲ. ಪುಟದ ಕೆಳಗೆ ಅಚ್ಚುಕಟ್ಟಾಗಿ ಒಂದು ಜಾಗ ಮಾಡಿ ಇಟ್ಟರೂ ಅದು ಪ್ರಕಟಣೆಯೇ. ಪತ್ರಕರ್ತರಿಗೆ, ವಕೀಲರಿಗೆ, ಆರ್‌ಟಿಐ ಕಾರ್ಯಕರ್ತರಿಗೆ ಅದು ಬೇಕು, ಅವರು ಕೆಳಗೂ ಹೋಗಿ ನೋಡುತ್ತಾರೆ. ಜಾವಗಲ್‌ನಿಂದ ಬಸ್ ಹತ್ತಿ ಬಂದವರಿಗೆ ಬೇಕಾದ್ದು ಮೇಲೆ ಇರಲಿ.

ಅಸಲು ತೊಂದರೆ ಇರುವುದು ಇಲ್ಲಿ. ನಮ್ಮ ಮೆನುಗಳನ್ನು ಇಲಾಖೆ ತನ್ನ ಶಾಖೆಗಳ ಪ್ರಕಾರ ಜೋಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಹಾಸನ, ತಿಪಟೂರು, ಕಡೂರು ಅಂತ ಬೋರ್ಡ್ ಹಾಕುವ ಬದಲು ಬಸ್ಸುಗಳನ್ನು ಡಿಪೋ ಪ್ರಕಾರ ನಿಲ್ಲಿಸಿದರೆ ಹೇಗಿರುತ್ತದೆ? ಯಾವ ಡಿಪೋ ಬಸ್ ಆದರೆ ನನಗೇನು, ನಾನು ಹೋಗಬೇಕಾದ್ದು ಕಡೂರಿಗೆ. ಡಿಪೋ ಲೆಕ್ಕ ಮ್ಯಾನೇಜರಿಗೆ ಬೇಕು, ಪ್ರಯಾಣಿಕರಿಗೆ ಬೇಡ. ಇಷ್ಟು ಸರಳ ವಿಷಯ ಬಸ್ ಸ್ಟ್ಯಾಂಡ್ ಕಟ್ಟುವವರಿಗೆ ಗೊತ್ತು. ಸೈಟ್ ಕಟ್ಟಿಸುವವರಿಗೆ ಯಾಕೆ ಹೊಳೆಯುವುದಿಲ್ಲ ಅಂದರೆ, ಸೈಟ್ ಹೇಗಿರಬೇಕು ಅಂತ ತೀರ್ಮಾನಿಸುವ ಮೀಟಿಂಗಿನಲ್ಲಿ ಪ್ರತಿ ಶಾಖೆಯ ಮುಖ್ಯಸ್ಥರೂ ಕೂತಿರುತ್ತಾರೆ, ಪ್ರಯಾಣಿಕರು ಇರುವುದಿಲ್ಲ. ‘ನಮ್ಮ ಶಾಖೆದು ಮೇನ್ ಮೆನುವಲ್ಲಿ ಬರ್ಲಿ’ ಅಂತ ಎಲ್ಲರೂ ಕೇಳುತ್ತಾರೆ. ಗುತ್ತಿಗೆ ಹಿಡಿದ ಕಂಪನಿಯ ಹುಡುಗ ಹೂಂ ಅಂತಾನೆ. ಅವನಿಗೆ ಬಿಲ್ ಪಾಸಾಗಬೇಕಲ್ವಾ.

ಸೈಟ್ ವಿನ್ಯಾಸ ಮಾಡುವವರಲ್ಲಿ ‘ಕಾರ್ಡ್ ಸಾರ್ಟಿಂಗ್’ ಅಂತ ಒಂದು ಹಳೇ ಪದ್ಧತಿ ಇದೆ. ಸೇವೆಗಳ ಹೆಸರನ್ನು ಚೀಟಿಗಳಲ್ಲಿ ಬರೆಯುವುದು, ಬಳಸುವ ಜನರ ಕೈಗೆ ಕೊಡುವುದು, ‘ಯಾವುದ್ಯಾವುದು ಜೊತೆಗಿರಬೇಕು ಅನ್ಸುತ್ತೆ, ಗುಂಪು ಮಾಡಿ, ಗುಂಪಿಗೆ ನೀವೇ ಹೆಸರು ಕೊಡಿ’ ಅನ್ನುವುದು. ಅಷ್ಟೇ. ಖರ್ಚು ಅಂದರೆ ಒಂದು ಕಾರ್ಡ್‌ಬೋರ್ಡ್ ಶೀಟು, ಒಂದು ಕತ್ತರಿ. ನನಗೆ ಇದು ಲೈಬ್ರರಿ ಕಾರ್ಡುಗಳ ಕಾಲದಿಂದ ಪರಿಚಯವಿದ್ದ ಕೆಲಸದ ಹಾಗೇ ಕಂಡಿತು. ಕರೆಂಟ್ ಹೋದಾಗ, ಓಟಿಪಿ ಬರದೆ ಜನ ಬೆಂಚಿನ ಮೇಲೆ ಕಾಯುವಾಗ, ಸುಮ್ನೆ ಕೂರುವ ಬದಲು ಇದನ್ನು ಮಾಡಿಸಿ ನೋಡಿದೆ. ಓದಲು ಬಾರದವರಿಗೆ ನಾನೇ ಓದಿ ಹೇಳಿದೆ.

ಬಂದ ಗುಂಪುಗಳನ್ನು ನೋಡಿದರೆ ಯಾವ ಇಲಾಖೆಯ ಹೆಸರೂ ಅಲ್ಲಿಲ್ಲ. ಒಬ್ಬರು ಯಜಮಾನರು ಪಹಣಿ, ಎಫ್‌ಐಡಿ, ಬೆಳೆ ವಿಮೆ, ಋಣಭಾರ ಪತ್ರ ಎಲ್ಲ ಒಂದು ಕಡೆ ಇಟ್ಟು ‘ಇವು ಸೊಸೈಟಿ ಸಾಲಕ್ಕೆ’ ಅಂದರು. ಇನ್ನೊಬ್ಬ ತಾಯಿ ಜಾತಿ-ಆದಾಯ, ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ, ಬಸ್ ಪಾಸ್ ಸೇರಿಸಿ ‘ಮಗಳನ್ನ ಕಾಲೇಜಿಗೆ ಸೇರ್ಸೋದು’ ಅಂದರು. ಒಬ್ಬ ಹುಡುಗ, ತಂದೆ ತೀರಿಕೊಂಡು ತಿಂಗಳಾಗಿತ್ತು ಅಷ್ಟೇ, ಚೀಟಿಗಳನ್ನು ತಿರುವಿ ತಿರುವಿ ನೋಡಿ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ವಿಧವಾ ವೇತನ, ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ಕರೆಂಟ್ ಮೀಟರಿನ ಹೆಸರು ಬದಲಾವಣೆ ಇಷ್ಟನ್ನೂ ಸಾಲಾಗಿ ಜೋಡಿಸಿದ. ಗುಂಪಲ್ಲ, ಸಾಲು. ಮೊದಲು ಇದು, ಇದು ಬಂದ ಮೇಲೆ ಅದು ಅಂತ. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಮರಣ ಪ್ರಮಾಣಪತ್ರ ಬೇಕು ಅನ್ನುವುದು ಓಡಾಡಿ ಓಡಾಡಿ ಅವನಿಗೆ ಬಾಯಿಪಾಠವಾಗಿತ್ತು. ಆಮೇಲೆ ಕೇಳಿದ, ‘ಅಕ್ಕಾ, ಇದನ್ನ ಹಿಂಗೇ ಒಂದು ಕಡೆ ಹಾಕಿದ್ರೆ ಏನಾಗ್ತಿತ್ತು ಅವ್ರಿಗೆ?’

ಏನೂ ಆಗುತ್ತಿರಲಿಲ್ಲ. ಆ ಸಾಲಿನಲ್ಲಿರುವ ಚೀಟಿಗಳನ್ನು ಒಂದೊಂದು ಇಲಾಖೆ ಹಂಚಿಕೊಂಡಿದೆ, ಅದಕ್ಕೆ ಒಂದು ಕಡೆ ಇಲ್ಲ. ಕೆಲಸ ಬೇರೆ ಬೇರೆಯವರೇ ಮಾಡಲಿ, ಅದನ್ನು ಒಂದು ಮಾಡಿ ಅಂತ ಕೇಳುವಷ್ಟು ದೊಡ್ಡವಳು ನಾನಲ್ಲ. ಜನರಿಗೆ ಕಾಣುವ ಪಟ್ಟಿ ಒಂದೇ ಇರಬಹುದಲ್ಲ?

ಇದು ಆಗದ ಮಾತೇನಲ್ಲ. ಇಂಗ್ಲೆಂಡಿನವರು 2012ರ ಅಕ್ಟೋಬರ್‌ನಲ್ಲಿ ‘ಗವ್ ಡಾಟ್ ಯುಕೆ’ ಅಂತ ಒಂದೇ ಸೈಟ್ ಶುರು ಮಾಡಿದರು. ಆಮೇಲಿನ ಎರಡು ವರ್ಷದಲ್ಲಿ ಇಲಾಖೆಗಳೂ ನೂರಾರು ಅಂಗಸಂಸ್ಥೆಗಳೂ ತಮ್ಮ ತಮ್ಮ ಸೈಟ್ ಮುಚ್ಚಿ ಅದರೊಳಗೆ ಸೇರಿಕೊಂಡವು. ಅಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನೇನು ಮಾಡಬೇಕು ಅನ್ನುವುದಕ್ಕೆ ಹಂತ ಹಂತವಾಗಿ ಒಂದೇ ಪುಟ ಇದೆ. ಸಾವು ನೋಂದಾಯಿಸುವುದು, ಅಂತ್ಯಕ್ರಿಯೆ, ಸರ್ಕಾರಕ್ಕೆ ತಿಳಿಸುವುದು, ಪಿಂಚಣಿ ಮತ್ತು ತೆರಿಗೆ, ಕೊನೆಗೆ ಆಸ್ತಿ. ಒಂದು, ಎರಡು, ಮೂರು ಅಂತ ಅಂಕಿ ಹಾಕಿರುತ್ತಾರೆ. ಹಂತಗಳು ಬೇರೆ ಬೇರೆ ಕಚೇರಿಗಳದ್ದು, ಆದರೆ ಓದುವವರಿಗೆ ಅದು ಗೊತ್ತಾಗಬೇಕಾದ ಅಗತ್ಯವೇ ಬರುವುದಿಲ್ಲ. ಅದರೊಳಗೆ ‘ಟೆಲ್ ಅಸ್ ಒನ್ಸ್’ ಅಂತ ಇನ್ನೊಂದು ಸೇವೆ ಇದೆ. ಒಮ್ಮೆ ತಿಳಿಸಿದರೆ ಸಾಕು, ಸರ್ಕಾರದ ಬಹುತೇಕ ಕಚೇರಿಗಳಿಗೆ ಅವರೇ ಮುಟ್ಟಿಸುತ್ತಾರೆ. ನಮ್ಮ ಹುಡುಗ ಬೆಂಚಿನ ಮೇಲೆ ಜೋಡಿಸಿದ ಸಾಲು ಇದೇ ಅಲ್ವಾ? ಅಲ್ಲಿನವರು ದೊಡ್ಡ ತಂಡ ಕಟ್ಟಿ ಮಾಡಿದ್ದನ್ನು ಇವನು ಕಾಯುವ ಹೊತ್ತಲ್ಲಿ ಮಾಡಿದ.

ನಮ್ಮಲ್ಲಿ ಬುದ್ಧಿವಂತರಿಗೇನೂ ಬರವಿಲ್ಲ. ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯನ್ನೇ ನಿಲ್ಲಿಸಿದ ರಾಜ್ಯ ಇದು. ಸೇವೆಗೆ ಇಂತಿಷ್ಟು ದಿನ ಅಂತ ಗಡುವು ಕಟ್ಟುವ ಸಕಾಲ ಕಾಯ್ದೆಯನ್ನು 2011ರಲ್ಲೇ ಮಾಡಿದ ರಾಜ್ಯ. ಅರ್ಜಿ ಹಾಕಿದ ಮೇಲೆ ಎಷ್ಟು ದಿನ ಅನ್ನುವ ಲೆಕ್ಕ ಇದೆ. ಅರ್ಜಿ ಹಾಕುವ ಜಾಗ ಹುಡುಕಲು ಎಷ್ಟು ಹೊತ್ತಾಯಿತು ಅನ್ನುವುದಕ್ಕೆ ಲೆಕ್ಕ ಇಲ್ಲ.

ಇಲ್ಲಿ ನನ್ನ ಓದಿನ ಕಡೆಯ ಒಂದು ವಿಷಯ ಹೇಳಲೇಬೇಕು. ಎಸ್. ಆರ್. ರಂಗನಾಥನ್ ಅವರ ಹೆಸರು ಲೈಬ್ರರಿಯವರನ್ನು ಬಿಟ್ಟರೆ ಯಾರಿಗೂ ಜಾಸ್ತಿ ಗೊತ್ತಿಲ್ಲ. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲೇ ಡಿಆರ್‌ಟಿಸಿ ಅಂತ ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರಿಗಿಂತ ಮುಂಚೆ ಪುಸ್ತಕ ವಿಂಗಡಣೆ ಅಂದರೆ ಹೆಚ್ಚಾಗಿ ಮೊದಲೇ ಹಾಕಿಟ್ಟ ದೊಡ್ಡ ಪಟ್ಟಿ. ಒಂದು ಪುಸ್ತಕಕ್ಕೆ ಪಟ್ಟಿಯಲ್ಲಿ ಒಂದೇ ಜಾಗ. ಆ ಜಾಗ ಗೊತ್ತಿಲ್ಲದಿದ್ದರೆ ಪುಸ್ತಕ ಹುಡುಕುವುದು ಕಷ್ಟ. ರಂಗನಾಥನ್ ಹೇಳಿದ್ದು ಬೇರೆ. ಒಂದು ವಿಷಯಕ್ಕೆ ಹಲವು ಮುಖ ಇರುತ್ತವೆ. ಯಾವುದರ ಬಗ್ಗೆ, ಏನು ಕೆಲಸ, ಎಲ್ಲಿ, ಯಾವಾಗ. ಆ ಮುಖಗಳನ್ನು ಬೇರೆ ಬೇರೆ ಇಟ್ಟು, ಬೇಕಾದ ಹಾಗೆ ಜೋಡಿಸಿಕೊಳ್ಳಿ ಅಂದರು. 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣದ ತಿರುಳು ಇದು. ಲಂಡನ್ನಿನ ಅಂಗಡಿಯಲ್ಲಿ, ತುಂಡುಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳುವ ಮೆಕ್ಯಾನೋ ಆಟಿಕೆ ನೋಡಿ ಈ ಯೋಚನೆ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಪರೀಕ್ಷೆಗೆ ಓದುವಾಗ ಇದು ತಲೆನೋವಾಗಿತ್ತು. ಈಗ ಆನ್‌ಲೈನಲ್ಲಿ ಸೀರೆ ಹುಡುಕುವಾಗ ದಿನಾ ಕಾಣುತ್ತದೆ. ಬಟ್ಟೆ ಯಾವುದು, ಬಣ್ಣ ಯಾವುದು, ಬೆಲೆ ಎಷ್ಟರೊಳಗೆ ಅಂತ ಪಕ್ಕದಲ್ಲಿ ಟಿಕ್ ಮಾಡುವ ಪಟ್ಟಿ ಇರುತ್ತಲ್ಲ, ಅದರ ಹಿಂದಿರುವುದು ಇದೇ ಯೋಚನೆ. ಬಣ್ಣದಿಂದ ಶುರು ಮಾಡಿದರೂ ಅದೇ ಸೀರೆ ಸಿಗುತ್ತದೆ, ಬೆಲೆಯಿಂದ ಶುರು ಮಾಡಿದರೂ ಅದೇ ಸಿಗುತ್ತದೆ. ಸೀರೆ ಮಾರುವವರಿಗೆ ಬಂದ ಈ ಬುದ್ಧಿ ವಿಧವಾ ವೇತನ ಕೊಡುವವರಿಗೆ ಯಾಕೆ ಬಂದಿಲ್ಲ? ನೀವು ಯಾರು, ರೈತರಾ, ವಿದ್ಯಾರ್ಥಿಯಾ, ವಯಸ್ಸಾದವರಾ? ಏನು ಬೇಕು, ಪ್ರಮಾಣಪತ್ರವಾ, ಹಣವಾ, ತಿದ್ದುಪಡಿಯಾ? ಹೊಸದಾ, ನವೀಕರಣವಾ? ಮೂರು ಪ್ರಶ್ನೆ ಕೇಳಿದರೆ ಇಡೀ ಸರ್ಕಾರದ ಸೇವೆಗಳಲ್ಲಿ ನನಗೆ ಸಂಬಂಧಪಟ್ಟ ನಾಲ್ಕೋ ಐದೋ ಉಳಿಯುತ್ತವೆ. ಒಂದೇ ಸೇವೆ ‘ರೈತ’ ಅನ್ನುವಲ್ಲೂ ಬರಲಿ, ‘ಸಾಲ’ ಅನ್ನುವಲ್ಲೂ ಬರಲಿ. ಎರಡು ಕಡೆ ಇಟ್ಟರೆ ಗೊಂದಲ ಅಂತ ಕೆಲವರು ಹೇಳುತ್ತಾರೆ. ಒಂದೇ ಸೇವೆಗೆ ಎರಡು ಬೇರೆ ಪುಟ ಇದ್ದರೆ ಗೊಂದಲ. ಎರಡು ಕಡೆಯಿಂದ ಒಂದೇ ಪುಟಕ್ಕೆ ಬಂದರೆ ಏನು ಗೊಂದಲ? ‘ಓದುಗರ ಸಮಯ ಉಳಿಸಿ’ ಅನ್ನುವುದು 1931ರಲ್ಲಿ ರಂಗನಾಥನ್ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅವರು ಕೊನೆಯ ವರ್ಷಗಳನ್ನು ಕಳೆದ ಬೆಂಗಳೂರಿನಲ್ಲೇ ನಮ್ಮ ಸೈಟುಗಳೆಲ್ಲ ತಯಾರಾಗುತ್ತವೆ.

ಇನ್ನು ಫೋನ್ ವಿಷಯ. ನನ್ನ ಅಂಗಡಿಗೆ ಬರುವ ಎಷ್ಟೋ ಜನ ಮೊದಲು ಫೋನಿನಲ್ಲಿ ಪ್ರಯತ್ನಿಸಿ ಸೋತು ಬಂದವರು. ಅವರ ಫೋನನ್ನೇ ಇಸ್ಕೊಂಡು ನೋಡುತ್ತೇನೆ. ಮೌಸ್ ಮೇಲೆ ಹೋದರೆ ತಾನಾಗಿ ಕೆಳಗೆ ಬಿಚ್ಚಿಕೊಳ್ಳುವ ಮೆನು, ಅದರೊಳಗೆ ಪಕ್ಕಕ್ಕೆ ಬಿಚ್ಚಿಕೊಳ್ಳುವ ಇನ್ನೊಂದು ಮೆನು. ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಬೆರಳಿಟ್ಟರೆ ಮೆನು ಬಿಚ್ಚಿಕೊಳ್ಳುತ್ತದೆ, ಅದೇ ಬೆರಳಿಗೆ ಕೆಳಗಿನ ಲಿಂಕೂ ಒತ್ತಿಹೋಗುತ್ತದೆ. ಪಹಣಿ ಅಂತ ಒತ್ತಲು ಹೋದವರು ಟೆಂಡರ್ ಪುಟದಲ್ಲಿರುತ್ತಾರೆ. ದೊಡ್ಡ ಕಂಪ್ಯೂಟರಿನಲ್ಲೂ ಇದು ಸುಲಭ ಅಲ್ಲ. ಮೇಲಿನ ಪಟ್ಟಿಯಿಂದ ಪಕ್ಕದ ಪಟ್ಟಿಗೆ ಮೌಸನ್ನು ಓರೆಯಾಗಿ ಎಳೆದರೆ, ನಡುವೆ ಸಿಗುವ ಬೇರೆ ಸಾಲು ತಟ್ಟಿ, ತೆರೆದದ್ದು ಮುಚ್ಚಿಹೋಗುತ್ತದೆ. ಅಮೆಜಾನಿನವರು ಮೌಸ್ ಯಾವ ದಿಕ್ಕಿಗೆ ಹೋಗುತ್ತಿದೆ ಅಂತ ಗಮನಿಸಿ, ಒಂದು ತ್ರಿಕೋನದ ಲೆಕ್ಕ ಹಾಕಿ, ಆ ದಾರಿಯಲ್ಲಿದ್ದಷ್ಟು ಹೊತ್ತು ಮೆನು ಮುಚ್ಚದ ಹಾಗೆ ಮಾಡಿದ್ದರು. ಅಷ್ಟು ಕಷ್ಟ ಪಡುವುದೂ ಬೇಡ, ಒತ್ತಿದರೆ ತೆರೆಯಲಿ, ಇನ್ನೊಮ್ಮೆ ಒತ್ತಿದರೆ ಮುಚ್ಚಲಿ. ಸಾಕು.

ಮೂಲೆಯಲ್ಲಿ ಮೂರು ಗೆರೆ ಇರುವ ಗುರುತು ಇದೆಯಲ್ಲ, 1981ರಲ್ಲಿ ಜೆರಾಕ್ಸ್ ಕಂಪನಿಯ ಸ್ಟಾರ್ ಅನ್ನುವ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಅನ್ನುವವರು ಬರೆದದ್ದು. ಹುಡುಗರಿಗೆ ಅದು ಗೊತ್ತು. ಐವತ್ತು ದಾಟಿದವರಲ್ಲಿ ಹೆಚ್ಚಿನವರು ಅದನ್ನು ಒತ್ತುವುದೇ ಇಲ್ಲ, ಡಿಸೈನು ಅಂದುಕೊಂಡಿರುತ್ತಾರೆ. ಪಕ್ಕದಲ್ಲಿ ‘ಮೆನು’ ಅಂತ ಎರಡಕ್ಷರ ಬರೆದರೆ ಏನು ನಷ್ಟ?

ಕನ್ನಡದ ಕಥೆ ಕೇಳಿ. ಮೇಲೆ ‘ಕನ್ನಡ’ ಅಂತ ಒತ್ತಿದರೆ ಇದ್ದ ಪುಟ ಕನ್ನಡಕ್ಕೆ ಬರಬೇಕು. ಎಷ್ಟೋ ಸೈಟುಗಳು ಮುಖಪುಟಕ್ಕೆ ಎಸೆಯುತ್ತವೆ. ಮತ್ತೆ ಮೊದಲಿಂದ ಹುಡುಕು. ಅದಾದ ಮೇಲೆ ಮೆನು ಪಟ್ಟಿಯನ್ನು ಹತ್ತಿರದಿಂದ ನೋಡಿ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಡಬ್ಬಿಯೊಳಗೆ ಕನ್ನಡ ತುರುಕಿರುತ್ತಾರೆ. ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲಿಗೆ ಇಳಿದು ಕೆಳಗಿನ ಚಿತ್ರದ ಮೇಲೆ ಕೂತಿರುತ್ತದೆ. ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿರುತ್ತದೆ. ‘ಅರ್ಜಿ ಸಲ್ಲಿಕೆ’ಯ ಲಕಾರದ ಒತ್ತು ಕಾಣದೆ ‘ಸಲಿಕೆ’ ಆಗಿದ್ದನ್ನು ನಾನು ನೋಡಿದ್ದೇನೆ. ಕನ್ನಡದಲ್ಲಿ ಅಕ್ಷರದ ಕೆಳಗೂ ಅಕ್ಷರ ಇರುತ್ತದೆ ಅಂತ ಗೊತ್ತಿರುವ ಒಬ್ಬರು ಪರದೆ ನೋಡಿದ್ದರೆ ಐದು ನಿಮಿಷದ ಕೆಲಸ. ಮೆನುವನ್ನು ಮೊದಲು ಕನ್ನಡದಲ್ಲಿ ಕೂರಿಸಿ, ಆಮೇಲೆ ಇಂಗ್ಲಿಷ್ ಹಾಕಿ. ಉದ್ದದ್ದು ಹಿಡಿಸಿದ ಜಾಗದಲ್ಲಿ ಗಿಡ್ಡದ್ದು ಹಿಡಿಸಿಯೇ ಹಿಡಿಸುತ್ತದೆ.

ಬಟನ್‌ಗಳ ಗಾತ್ರಕ್ಕೂ ಅಳತೆ ಇದೆ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಅನ್ನುವ ಅಂತರರಾಷ್ಟ್ರೀಯ ಮಾನದಂಡ, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಲಿ ಅನ್ನುತ್ತದೆ, ಕೆಲವು ವಿನಾಯಿತಿ ಬಿಟ್ಟು. ನಮ್ಮ ದೇಶದ್ದೇ ಜಿಐಜಿಡಬ್ಲ್ಯು ಅನ್ನುವ ಸರ್ಕಾರಿ ವೆಬ್‌ಸೈಟ್ ಮಾರ್ಗಸೂಚಿ 2009ರಿಂದ ಇದೆ, 2023ರಲ್ಲಿ ಮೂರನೇ ಆವೃತ್ತಿಯೂ ಬಂತು. ಪುಸ್ತಕ ಇದೆ, ಪಾಲಿಸುವವರು ಬೇಕು. ತೆಂಗಿನಕಾಯಿ ಸುಲಿದು ದಪ್ಪಗಾದ ಹೆಬ್ಬೆರಳಿಗೆ 24 ಪಿಕ್ಸೆಲ್ಲೂ ಸಾಲದು, ಆ ಮಾತು ಬೇರೆ.

ಈಗ ಒಂದು ತಪ್ಪು ಔಷಧದ ಬಗ್ಗೆ ಹೇಳಬೇಕು. ಮೆನು ಗೊಂದಲ ಅಂತ ದೂರು ಕೊಟ್ಟರೆ ಕೆಲವರು ತಕ್ಷಣ ಸಾಲುಗಳನ್ನು ಕಡಿಮೆ ಮಾಡಿಬಿಡುತ್ತಾರೆ. ‘ಮನುಷ್ಯನ ತಲೆಯಲ್ಲಿ ಏಳೇ ವಿಷಯ ನಿಲ್ಲೋದು’ ಅಂತ ಶಾಸ್ತ್ರ ಬೇರೆ ಹೇಳುತ್ತಾರೆ. ಜಾರ್ಜ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1956ರಲ್ಲಿ ಬರೆದದ್ದು ನೆನಪಿನ ಬಗ್ಗೆ. ಮೆನುವಿನಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಏನಿದೆ, ಎಲ್ಲ ಕಣ್ಣೆದುರೇ ಇದೆಯಲ್ಲ! ಐದೇ ಸಾಲು ಮಾಡಿ, ಮಿಕ್ಕಿದ್ದೆಲ್ಲವನ್ನೂ ‘ಇತರೆ’ ಒಳಗೆ ಹಾಕಿ, ಅದರೊಳಗೆ ಮತ್ತೆ ‘ಇತರೆ ಸೇವೆಗಳು’ ಇಟ್ಟರೆ ನೋಡಲು ಚೊಕ್ಕ, ಹುಡುಕಲು ನರಕ. 1998ರಲ್ಲಿ ಸಂಶೋಧಕರಾದ ಲಾರ್ಸನ್ ಮತ್ತು ಝೆರ್ವಿನ್ಸ್ಕಿ ಇದನ್ನು ಪರೀಕ್ಷಿಸಿ ನೋಡಿದ್ದರು. 512 ವಿಷಯಗಳನ್ನು ಮೂರು ರೀತಿ ಜೋಡಿಸಿದರು. ಎಂಟೆಂಟರಂತೆ ಮೂರು ಹಂತ, ಮೊದಲು 16 ಆಮೇಲೆ ಒಂದೊಂದರೊಳಗೆ 32ರಂತೆ ಎರಡು ಹಂತ, ಮೊದಲು 32 ಆಮೇಲೆ ಒಂದೊಂದರೊಳಗೆ 16ರಂತೆ ಎರಡು ಹಂತ. ಎಂಟೆಂಟರ ಮೂರು ಹಂತದಲ್ಲೇ ಜನರಿಗೆ ಹುಡುಕಲು ಹೆಚ್ಚು ಹೊತ್ತು ಹಿಡಿಯಿತು. ಹಾಗಾಗಿ ಪಟ್ಟಿ ಉದ್ದ ಇದ್ದರೂ ಪರವಾಗಿಲ್ಲ. ಗುಂಪು ಮಾಡಿ, ಗುಂಪಿಗೆ ತಲೆಬರಹ ಕೊಡಿ, ಜನ ಹೆಚ್ಚು ಕೇಳುವುದನ್ನು ಮೊದಲು ಇಡಿ. ಯಾವುದನ್ನು ಹೆಚ್ಚು ಕೇಳುತ್ತಾರೆ ಅಂತ ತಿಳಿಯಲು ಸಮಿತಿ ಬೇಡ, ಅರ್ಜಿಗಳ ಲೆಕ್ಕ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ.

‘ಸರ್ಚ್ ಇದೆಯಲ್ಲ, ಮೆನು ಯಾಕೆ ಬೇಕು’ ಅಂತ ಕೇಳುವವರೂ ಇದ್ದಾರೆ. ಸರ್ಚ್ ಡಬ್ಬಿಯಲ್ಲಿ ‘ಪಹಣಿ’ ಅಂತ ಕನ್ನಡದಲ್ಲಿ ಹೊಡೆಯಿರಿ. ಹತ್ತು ವರ್ಷದ ಹಿಂದಿನ ಸುತ್ತೋಲೆಯ ಪಿಡಿಎಫ್ ಬರುತ್ತದೆ, ಇಲ್ಲ ಏನೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೂ ಅಷ್ಟೇ. ಹಾಗಾಗಿ ಜನ ಗೂಗಲ್‌ಗೆ ಹೋಗುತ್ತಾರೆ. ಅಲ್ಲಿ ಸರ್ಕಾರಿ ಸೈಟಿನ ಹಾಗೇ ಕಾಣುವ ಯಾರದೋ ಸೈಟ್ ಮೇಲೆ ಬಂದಿರುತ್ತದೆ, ಆಧಾರ್ ನಂಬರ್ ಕೇಳುತ್ತದೆ. ಇಲ್ಲಾಂದ್ರೆ ವಾಟ್ಸ್ಯಾಪ್‌ನಲ್ಲಿ ಬಂದ ಲಿಂಕ್ ಹಿಡಿದು ಸೈಟಿನ ಮಧ್ಯದ ಯಾವುದೋ ಪುಟಕ್ಕೆ ನೇರ ಬಂದು ಬೀಳುತ್ತಾರೆ. ಹಾಗೆ ಬಂದವರಿಗೆ ತಾವು ಎಲ್ಲಿದ್ದೇವೆ ಅಂತ ಗೊತ್ತಾಗಬೇಕು. ಪುಟದ ತಲೆಯ ಮೇಲೆ ‘ಮುಖಪುಟ, ಜಮೀನು, ಪಹಣಿ, ತಿದ್ದುಪಡಿ’ ಅಂತ ಬಂದ ದಾರಿ ಒಂದು ಸಾಲಿನಲ್ಲಿ ಇದ್ದರೆ, ಒಂದು ಹೆಜ್ಜೆ ಹಿಂದೆ ಹೋಗಿ ಸರಿಯಾದದ್ದು ಹಿಡಿಯಬಹುದು. ಬ್ಯಾಕ್ ಒತ್ತಿದರೆ ‘ಸೆಷನ್ ಎಕ್ಸ್‌ಪೈರ್ಡ್’ ಅನ್ನುವ ಸೈಟುಗಳಿಗೆ ಏನು ಹೇಳಬೇಕೋ ನನಗೆ ತಿಳಿಯದು. ಅದಕ್ಕೆ ಬೇರೆ ಪತ್ರವೇ ಬೇಕು.

ಕೊನೆಗೆ, ಈ ಪತ್ರ ಬರೆಯಲು ಕಾರಣವಾದ ಸಂಗತಿ. ಜನ ಬಹಳ ಬಳಸುವ ಒಂದು ಸೈಟನ್ನು ಇತ್ತೀಚೆಗೆ ಹೊಸದಾಗಿ ಮಾಡಿದರು. ನೋಡಲು ಚೆನ್ನಾಗಿದೆ, ಬಣ್ಣ ತಂಪಾಗಿದೆ. ಆದರೆ ರಾತ್ರೋರಾತ್ರಿ ಮೆನು ಪೂರ್ತಿ ಬದಲು. ನಾನು ಗೋಡೆಗೆ ಅಂಟಿಸಿದ್ದ ‘ಇದನ್ನು ಒತ್ತಿ, ಆಮೇಲೆ ಇದನ್ನು ಒತ್ತಿ’ ಕಾಗದ ಹಾಳಾಯಿತು, ಹೋಗಲಿ. ಶಾಲೆಗಳು ಪೋಷಕರಿಗೆ ಕಳಿಸಿದ್ದ ಲಿಂಕ್, ಪಂಚಾಯಿತಿ ಬೋರ್ಡಿನಲ್ಲಿ ಬರೆದಿದ್ದ ವಿಳಾಸ, ಜನ ಫೋನಿನಲ್ಲಿ ಉಳಿಸಿಕೊಂಡಿದ್ದ ಪುಟ, ಎಲ್ಲ ಒತ್ತಿದರೆ ‘404’, ಅಂದರೆ ಆ ಪುಟವೇ ಇಲ್ಲ. ಹಳೇ ವಿಳಾಸ ಒತ್ತಿದವರನ್ನು ಹೊಸ ಪುಟಕ್ಕೆ ತಾನಾಗಿ ಕಳಿಸುವುದು ವೆಬ್ ಕೆಲಸದವರಿಗೆ ಮಾಮೂಲಿ ವಿಷಯ. ಒಳ್ಳೇ ವಿಳಾಸ ಬದಲಾಗುವುದಿಲ್ಲ ಅಂತ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದಾರೆ. ಇಷ್ಟು ಮಾಡಿದ್ದರೆ ಅವತ್ತು ನನ್ನ ಅಂಗಡಿ ಮುಂದೆ ಅಷ್ಟು ಜನ ನಿಲ್ಲುತ್ತಿರಲಿಲ್ಲ.

ಹೊಸ ಮೆನುವನ್ನು ಯಾರಿಗಾದರೂ ತೋರಿಸಿ ನೋಡಿದ್ದರಾ ಅಂತಲೂ ಅನುಮಾನ. ಇದಕ್ಕೂ ಸುಲಭದ ದಾರಿ ಇದೆ, ‘ಟ್ರೀ ಟೆಸ್ಟ್’ ಅನ್ನುತ್ತಾರೆ. ಬಣ್ಣ, ಚಿತ್ರ ಏನೂ ಬೇಡ. ಬರೀ ಮೆನುವಿನ ಹೆಸರುಗಳನ್ನು ಕಾಗದದಲ್ಲಿ ಬರೆದು, ‘ನಿಮ್ಮ ತಾಯಿಗೆ ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಎಲ್ಲಿ ಒತ್ತುತ್ತೀರಿ?’ ಅಂತ ಕೇಳುವುದು. ಬೆರಳು ಎಲ್ಲಿಗೆ ಹೋಗುತ್ತದೋ ಬರೆದುಕೊಳ್ಳುವುದು. ಹತ್ತು ಜನರಲ್ಲಿ ಏಳು ಜನರ ಬೆರಳು ತಪ್ಪು ಕಡೆ ಹೋದರೆ ಮೆನು ತಪ್ಪು, ಜನ ತಪ್ಪಲ್ಲ. ಇದನ್ನು ಸೈಟ್ ಕಟ್ಟುವ ಮುಂಚೆಯೇ ಮಾಡಬಹುದು, ಕಟ್ಟಿದ ಮೇಲೆ ಒಡೆಯುವ ಖರ್ಚು ಉಳಿಯುತ್ತದೆ. ಟೆಂಡರಿನಲ್ಲೇ ಇದನ್ನೊಂದು ಷರತ್ತಾಗಿ ಹಾಕಲಿ. ಬೆಂಗಳೂರಿನ ಆಫೀಸಿನ ಸಿಬ್ಬಂದಿಯನ್ನೇ ಕೂರಿಸಿ ಕೇಳಬೇಡಿ. ಗ್ರಾಮ ಒನ್, ನಾಡಕಚೇರಿ, ನಮ್ಮಂಥ ಸೈಬರ್ ಸೆಂಟರುಗಳ ಬೆಂಚಿನ ಮೇಲೆ ಕೂತವರನ್ನು ಕೇಳಿ. ಬರುವುದಾದರೆ ನನ್ನ ಅಂಗಡಿಗೂ ಬರಬಹುದು, ಹನ್ನೊಂದರ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಹಳ್ಳಿ ಬಸ್ಸುಗಳೆಲ್ಲ ಬಂದಿರುತ್ತವೆ. ಚೀಟಿಗಳನ್ನು ಎತ್ತಿಟ್ಟಿದ್ದೇನೆ, ಕೊಡುತ್ತೇನೆ.

ಪತ್ರ ಉದ್ದವಾಯಿತು. ಕತ್ತರಿ ಹಾಕಲೇಬೇಕು ಅಂದರೆ ಇಂಗ್ಲೆಂಡು, ಅಮೆರಿಕದ ಕಡೆ ಹಾಕಿ, ಅರಸೀಕೆರೆ ಕಡೆಯದ್ದು ಬಿಡಿ. ಮತ್ತೆ ಇದೊಂದನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ: ಯಾವ ಇಲಾಖೆಯೇ ಆಗಲಿ, ಮೆನು ಬದಲಾಯಿಸುವುದಿದ್ದರೆ ಮೇ ಮತ್ತು ಜೂನ್ ತಿಂಗಳು ಬಿಟ್ಟು ಬದಲಾಯಿಸಲಿ. ಆಗ ಕಾಲೇಜು ಅಡ್ಮಿಷನ್. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಇಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಬದಲಾಯಿಸಿದ ಮೇಲೂ ಒಂದೆರಡು ತಿಂಗಳು ಹಳೇ ಮೆನುವಿಗೆ ಹೋಗುವ ಲಿಂಕನ್ನು ಮುಖಪುಟದಲ್ಲಿ ಇಟ್ಟಿರಲಿ.

ಇಂತಿ,
ಸೈಬರ್ ಸೆಂಟರಿನ ಓದುಗಿ,
ಅರಸೀಕೆರೆ, ಹಾಸನ ಜಿಲ್ಲೆ